ಕರಿಬೇವಿನ ಹುಳವೂ ನನ್ನ ಕಷಾಯದ ಕೈಗುಣವೂ

ಹೆಮ್ಮೆ ಪಡಲು ಮನುಷ್ಯರಿಗೆ ದೊಡ್ಡ ಕಾರಣಗಳೇನೂ ಬೇಕಾಗುವುದಿಲ್ಲ. ಕೆಲವರಿಗೆ ಮಕ್ಕಳ ಮಾರ್ಕ್ಸು ಸಾಕು, ಕೆಲವರಿಗೆ ಮನೆ ಮುಂದಿನ ಗ್ರಾನೈಟು ಸಾಕು. ನಮ್ಮ ಯಜಮಾನರು ಬಸ್ ಕಂಡಕ್ಟರ್. ಚಿಲ್ಲರೆಗಾಗಿ ಇವತ್ತು ಯಾರೂ ಜಗಳ ಆಡಲಿಲ್ಲ ಎಂದರೆ ಅವರಿಗೆ ಅದೇ ಒಂದು ವಾರಕ್ಕಾಗುವಷ್ಟು ಹೆಮ್ಮೆ. ನನ್ನದು ಇವೆಲ್ಲಕ್ಕಿಂತ ಸಣ್ಣದು. ನಮ್ಮ ಹಿತ್ತಿಲಲ್ಲಿ ಒಂದು ಕರಿಬೇವಿನ ಗಿಡವಿದೆ, ಆದ್ದರಿಂದ ಒಗ್ಗರಣೆಗೆ ನಾಲ್ಕೆಲೆ ಕೊಡಿ ಎಂದು ನಾನು ಯಾರ ಮನೆ ಬಾಗಿಲಿಗೂ ಹೋಗುವವಳಲ್ಲ, ಸಂತೆಯಲ್ಲಿ ದುಡ್ಡು ಕೊಟ್ಟು ಕೊಳ್ಳುವವಳೂ ಅಲ್ಲ. ಇದನ್ನು ನಾನು ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದೇನೆ, ಒಮ್ಮೆ ಒಂದು ಸಾವಿನ ಮನೆಯಲ್ಲೂ ಹೇಳಿದ್ದೇನೆ. ಚಳ್ಳಕೆರೆಯಲ್ಲಿ ಗಿಡ ಬೆಳೆಸುವುದು ಎಂದರೆ ಏನೆಂದು ಗೊತ್ತಿಲ್ಲದವರಿಗೆ ಇದು ಜಂಬ ಅನ್ನಿಸಬಹುದು. ನಮ್ಮಲ್ಲಿ ಮಳೆ ಬರುತ್ತದೆ ಎಂದು ರೇಡಿಯೋ ಹೇಳುತ್ತದೆ, ಮೋಡವೂ ಹೇಳುತ್ತದೆ, ಮಳೆ ಮಾತ್ರ ಏನೂ ಹೇಳುವುದಿಲ್ಲ. ಅಂಥ ಕಡೆ ಒಂದು ಗಿಡ ಕಾಂಪೌಂಡಿನ ಗೋಡೆಗಿಂತ ಮೇಲೆ ಬಂದಿದೆ ಎಂದರೆ ಅದನ್ನು ನಾಲ್ಕು ಜನಕ್ಕೆ ಹೇಳದೆ ಹೇಗೆ ಇರುವುದು?

ಆ ಗಿಡ ಬಂದದ್ದು ನನ್ನ ತವರು ಮೊಳಕಾಲ್ಮೂರಿನಿಂದ. ಅಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಮಗ್ಗದ ಕೋಣೆಯ ಹಿಂದೆ ಒಂದು ಹಳೆಯ ಕರಿಬೇವಿನ ಮರ, ಅದರ ಬುಡದಲ್ಲಿ ಎದ್ದ ಒಂದು ಸಸಿಯನ್ನು ಅವ್ವ ಹಾಲಿನ ಪ್ಯಾಕೆಟ್ಟಿಗೆ ಮಣ್ಣು ತುಂಬಿ ಅಳಿಯನ ಕೈಗೆ ಕೊಟ್ಟಿದ್ದಳು. ಅವರು ಅದನ್ನು ತಮ್ಮ ಸೀಟಿನ ಪಕ್ಕ ಇಟ್ಟುಕೊಂಡು ಚಳ್ಳಕೆರೆಯವರೆಗೆ ತಂದರು. ಅವರ ಸರ್ವೀಸಿನಲ್ಲಿ ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದ್ದು ಅದೊಂದೇ ಎಂದು ಇವತ್ತಿಗೂ ಹೇಳುತ್ತಾರೆ. ನಾನು ಶೇಂಗಾ ಎಣ್ಣೆ ಮಿಲ್ಲೊಂದರ ಆಫೀಸಿನಲ್ಲಿ ಬಿಲ್ಲು ಟೈಪು ಮಾಡುವ ಕೆಲಸದಲ್ಲಿದ್ದೇನೆ. ಮಿಲ್ಲಿನಿಂದ ಹಿಂಡಿ ತಂದು ಹಾಕಿದೆ, ಅಕ್ಕಿ ತೊಳೆದ ನೀರು ಹೊಯ್ದೆ, ಬೇಸಿಗೆಯಲ್ಲಿ ನನಗೆ ಸ್ನಾನಕ್ಕೆ ಅರ್ಧ ಬಕೆಟ್ ಇಟ್ಟುಕೊಂಡು ಅದಕ್ಕೆ ಒಂದು ಬಕೆಟ್ ಕೊಟ್ಟೆ. ಗಿಡ ಬೆಳೆಯಿತು. ಒಬ್ಬಳೇ ಮಗಳು ಓದಲು ದಾವಣಗೆರೆಗೆ ಹೋದ ಮೇಲೆ ಅದರ ಮೇಲೆ ಇನ್ನೂ ಸ್ವಲ್ಪ ಪ್ರೀತಿ ಜಾಸ್ತಿಯಾಯಿತು ಎಂದೇ ಹೇಳಬೇಕು.

ಗೋಡೆಯ ಆಚೆ ಶಮೀಮಕ್ಕನ ಮನೆ. ಅವರ ಯಜಮಾನರು ಟ್ರ್ಯಾಕ್ಟರ್ ಮೆಕ್ಯಾನಿಕ್. ನಮ್ಮಿಬ್ಬರಲ್ಲಿ ಯಾರು ದೊಡ್ಡವರೆಂದು ಇಬ್ಬರೂ ಇದುವರೆಗೆ ಬಾಯಿ ಬಿಟ್ಟಿಲ್ಲ, ಹೀಗಾಗಿ ನಾನು ಅವರನ್ನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ಗೋಡೆಯ ಮೇಲೆ ಒಂದು ಕಡೆ ಚಪ್ಪಟೆ ಕಲ್ಲಿದೆ. ನಮ್ಮ ಮನೆಯ ಹೋಳಿಗೆ, ಅವರ ಮನೆಯ ಶಾವಿಗೆ, ಮುಂಜಾನೆಯ ಹಾಲು, ಕೆಟ್ಟುಹೋದ ಮಿಕ್ಸಿ, ಊರಿನ ಸುದ್ದಿ, ಎಲ್ಲವೂ ಆ ಕಲ್ಲಿನ ಮೇಲಿಂದಲೇ ಆಚೀಚೆ ಹೋಗುವುದು. ಅವರ ಯಜಮಾನರು ಒಂದು ಎಣ್ಣೆ ಡ್ರಮ್ಮನ್ನು ಅರ್ಧಕ್ಕೆ ಕೊಯ್ದುಕೊಟ್ಟಿದ್ದರು, ಶಮೀಮಕ್ಕ ಅದನ್ನು ಗೋಡೆಯ ಬುಡಕ್ಕಿಟ್ಟು ನಿಂಬೆ ಗಿಡ ಹಾಕಿದ್ದರು. ವರ್ಷಗಟ್ಟಲೆ ಬರೀ ಮುಳ್ಳು ಬಿಟ್ಟ ಗಿಡ ಈ ಸಲ ಹೂ ಕಚ್ಚಿ ಮಿಡಿ ಹಿಡಿದಿತ್ತು. ಮೊದಲನೇ ಉಪ್ಪಿನಕಾಯಿ ಭರಣಿಯಲ್ಲಿ ಅರ್ಧ ನಿಮಗೆ ಎಂದು ಅವರು ನನಗೆ ಮಾತು ಕೊಟ್ಟಿದ್ದರು. ನನಗೆ ಆ ಗೋಡೆಯ ಮೇಲೆ ಎಷ್ಟು ಪ್ರೀತಿಯೆಂದರೆ ಯಜಮಾನರು ಸುಣ್ಣ ಹೊಡೆಸುವಾಗ ಆ ಕಲ್ಲನ್ನು ನಾನೇ ಕೈಯಾರೆ ತೊಳೆಯುತ್ತೇನೆ.

ಹೀಗಿರುವಾಗ ಆಷಾಢದ ಗಾಳಿ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಕರಿಬೇವಿನ ಎಲೆಗಳ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಂಡಿತು. ಕಾಗೆಗಳನ್ನು ಬೈದು ಒಳಗೆ ಹೋದೆ. ಮಾರನೆಯ ದಿನ ಹಿಕ್ಕೆ ಪಕ್ಕದ ಎಲೆಗೆ ಹೋಗಿತ್ತು. ಹಿಕ್ಕೆ ನಡೆಯುವುದಿಲ್ಲ ಎನ್ನುವಷ್ಟು ವಿಜ್ಞಾನ ನನಗೂ ಗೊತ್ತು. ಕನ್ನಡಕ ಹಾಕಿಕೊಂಡು ನೋಡಿದರೆ ಹುಳ. ಕೆಲವೇ ದಿನಗಳಲ್ಲಿ ಅವು ಕಂದು ಬಣ್ಣ ಬಿಟ್ಟು ಹಸಿರಾದವು, ಕಿರುಬೆರಳಿನಷ್ಟು ದಪ್ಪವಾದವು, ಗಿಡದ ತುದಿಯಿಂದ ಕೆಳಗೆ ಒಂದೊಂದೇ ಕಡ್ಡಿಯನ್ನು ಬೋಳಿಸುತ್ತ ಬಂದವು. ಮುಟ್ಟಿದರೆ ತಲೆಯೊಳಗಿಂದ ಕಿತ್ತಳೆ ಬಣ್ಣದ ಎರಡು ಕೊಂಬು ಹೊರಗೆ ಹಾಕಿ ಕೆಟ್ಟ ವಾಸನೆ ಬಿಡುತ್ತಿದ್ದವು. ನನಗೆ ನಮ್ಮ ಮಿಲ್ಲಿನ ಮ್ಯಾನೇಜರ ನೆನಪಾಯಿತು.

ಅಂಗಡಿಯ ಔಷಧಿ ತರುವ ಹಾಗಿರಲಿಲ್ಲ. ದಿನವೂ ಸಾರಿಗೆ ಹಾಕುವ ಎಲೆ, ಹುಳಕ್ಕೆ ಹೊಡೆದದ್ದು ನಮ್ಮ ಹೊಟ್ಟೆಗೂ ಹೋಗುತ್ತದೆ. ಮನೆಮದ್ದೇ ಗತಿ ಎಂದು ನಿರ್ಧರಿಸಿದೆ. ಮನೆಮದ್ದಿನ ವಿಷಯದಲ್ಲಿ ನಮ್ಮ ಜನ ಬಹಳ ಉದಾರಿಗಳು. ಆಫೀಸಿನಲ್ಲಿ ಬಾಯಿ ಬಿಟ್ಟ ತಕ್ಷಣ ಒಬ್ಬೊಬ್ಬರು ಒಂದೊಂದು ಹೇಳಿದರು. ಮೊದಲು ಒಲೆಯ ಬೂದಿ ಉದುರಿಸಿದೆ. ಆಷಾಢದ ಗಾಳಿ ಅದನ್ನು ಗಿಡದ ಮೇಲೆ ಒಂದು ನಿಮಿಷವೂ ಉಳಿಸದೆ ಒಣಗಲು ಹಾಕಿದ್ದ ಯಜಮಾನರ ಖಾಕಿ ಅಂಗಿಯ ಮೇಲೆ ತಂದು ಹಾಕಿತು. ಆಮೇಲೆ ಹುಳಿ ಮಜ್ಜಿಗೆ. ಅದನ್ನು ಚಿಮುಕಿಸಿದ ಸಂಜೆ ಬೀದಿಯ ಬೆಕ್ಕುಗಳೆಲ್ಲ ಬಂದು ಕರಿಬೇವಿನ ಬುಡ ನೆಕ್ಕತೊಡಗಿದವು, ಹುಳಗಳು ಮೇಲಿಂದ ಅದನ್ನು ನೋಡುತ್ತ ತಮ್ಮ ಊಟ ತಾವು ಮಾಡಿದವು. ಇಂಗಿನ ನೀರು ಹಾಕಿದಾಗ ಗಿಡದಿಂದ ಒಳ್ಳೆಯ ಸಾರಿನ ವಾಸನೆ ಬಂತು, ಅಷ್ಟೆ.

ಕೊನೆಗೆ ಫೋನಿನಲ್ಲಿ ಯಾರೋ ಕಳಿಸಿದ ಒಂದು ವಿಡಿಯೋ ನನ್ನ ಜೀವನವನ್ನು ಬದಲಿಸಿತು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ನುಣ್ಣಗೆ ರುಬ್ಬಿ ನೀರಲ್ಲಿ ನೆನೆಹಾಕಿ, ಸೋಸಿ, ಸ್ವಲ್ಪ ಬೇವಿನೆಣ್ಣೆ ಸೇರಿಸಿ, ಎಣ್ಣೆ ನೀರಿನಲ್ಲಿ ಬೆರೆಯಲೆಂದು ಒಂದಿಷ್ಟು ಸೋಪಿನ ನೀರು ಹಾಕಬೇಕು. ನಾನು ಅದನ್ನು ರುಬ್ಬುವಾಗ ನಮ್ಮ ಮನೆಯಲ್ಲಿ ಸೀನು, ಶಮೀಮಕ್ಕನ ಮನೆಯಲ್ಲಿ ಸೀನು, ರಸ್ತೆಯಲ್ಲಿ ಹೋಗುತ್ತಿದ್ದ ಸೊಪ್ಪಿನ ಗಾಡಿಯವನಿಗೂ ಸೀನು. ಇಷ್ಟು ಜನ ಸೀನಿದ್ದಾರೆ ಎಂದರೆ ಇದರಲ್ಲಿ ಏನೋ ಇದೆ ಎಂದು ನನಗೆ ಧೈರ್ಯ ಬಂತು. ಮಾರನೆಯ ಬೆಳಿಗ್ಗೆ ಸೋಪಿನ ನೀರು ಕದಡಿದ ಅದೇ ಮಿಕ್ಸಿ ಜಾರಿನಲ್ಲಿ ಇಡ್ಲಿಗೆ ಕಾಯಿಚಟ್ನಿ ರುಬ್ಬಿದ್ದು ಮಾತ್ರ ನನ್ನ ಗಮನಕ್ಕೆ ಬರಲಿಲ್ಲ. ಅವತ್ತು ಯಜಮಾನರು ಡ್ಯೂಟಿಯಲ್ಲಿ ಸೀಟಿ ಊದಲಿಕ್ಕೆ ಹೋದಾಗಲೆಲ್ಲ ಬಿಕ್ಕಳಿಕೆ ಬಂದು ಎರಡೆರಡು ಸಲ ಊದಿದಂತಾಗಿ, ಅದು ಹೊರಡುವ ಸೀಟಿಯೆಂದು ನಿಲ್ಲಬೇಕಾದ ಕಡೆಯೆಲ್ಲ ಡ್ರೈವರು ಬಸ್ಸು ಬಿಟ್ಟರಂತೆ. ಸಂಜೆ ಬಂದವರೇ ಕೇಳಿದರು: "ಲೇ, ಚಟ್ನಿಗೆ ಸೋಪು ಹಾಕೋದು ಯಾವ ಪದ್ಧತಿನೇ? ನೊರೆ ಬರ್ತಿತ್ತು ಬಾಯಾಗೆ."

ಇದೇ ಸಮಯಕ್ಕೆ ಅವ್ವ ಬಂದಳು. ಮೊಳಕಾಲ್ಮೂರಿನಲ್ಲಿ ಮಗ್ಗದ ಕೋಣೆಗೆ ನನ್ನ ತಮ್ಮ ಹೊಸ ಸೂರು ಹಾಕಿಸುತ್ತಿದ್ದ, ಮಗ್ಗ ನಿಂತಿತ್ತು. ಹುಟ್ಟಿದಾಗಿನಿಂದ ಮಗ್ಗದ ಸದ್ದು ಕೇಳಿ ಬೆಳೆದವಳಿಗೆ ಸದ್ದಿಲ್ಲದ ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂದು ಅಳಿಯನ ಬಸ್ಸು ಹತ್ತಿ ಬಂದಿದ್ದಳು. ಅವಳ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ತವರಿನಲ್ಲಿ ಹುಳ ಕೊಲ್ಲುವ ಹಾಗಿಲ್ಲ. ಮಳೆಗಾಲದಲ್ಲಿ ಬಾಗಿಲಿಗೆ ಬಂದ ಕಂಬಳಿಹುಳವನ್ನೂ ಅಜ್ಜಿ ಕಡ್ಡಿಯ ಮೇಲೆ ಹತ್ತಿಸಿಕೊಂಡು ಬೇಲಿಗೆ ಬಿಟ್ಟು ಬರುತ್ತಿದ್ದಳು. ಹುಳ ನೂಲು ಕೊಟ್ಟಿತು, ನೂಲು ಅನ್ನ ಕೊಟ್ಟಿತು, ಹಾಗಾಗಿ ಹುಳದ ಜಾತಿಯ ಮೇಲೆಯೇ ಕೈ ಎತ್ತಬಾರದು ಎಂಬುದು ಅವರ ಲೆಕ್ಕ. ರೇಷ್ಮೆ ಬರುವುದು ಗೂಡು ಬೇಯಿಸಿದ ಮೇಲೆ ತಾನೇ ಎಂದು ನಾನು ಹೈಸ್ಕೂಲಿನಲ್ಲಿ ಇರುವಾಗಲೇ ವಾದ ಮಾಡಿದ್ದೆ. ಅವ್ವನ ಉತ್ತರ ಆಗಲೂ ಈಗಲೂ ಒಂದೇ: "ಬೇಯಿಸ್ದೋರು ಬೇರೆಯೋರು. ನಮ್ಮನೆಗೆ ಅದು ನೂಲಾಗೇ ಬಂತು. ಪಾಪಮು, ಅದರ ಋಣ ನಮ್ಮ ಮ್ಯಾಲೆ ಐತೆ." ಮೊಳಕಾಲ್ಮೂರಿನವರಿಗೆ ಆಂಧ್ರ ಕೂಗಳತೆಯಲ್ಲಿದೆ. ಅವ್ವನಿಗೆ ಕನಿಕರ ಬಂದಾಗಲೆಲ್ಲ ಪಾಪ ಹೋಗಿ ತೆಲುಗಿನ ಪಾಪಮು ಬರುತ್ತದೆ.

ಅವ್ವ ಬಂದ ಮಾರನೆಯ ಸಂಜೆ ಆಫೀಸಿನಿಂದ ಬಂದು ನಾನು ಗಾಜು ಒರೆಸುವ ಬಾಟಲಿಗೆ ಕಷಾಯ ತುಂಬಿ, ಮೂಗಿಗೆ ಸೆರಗು ಕಟ್ಟಿಕೊಂಡು, ಕಣ್ಣು ಮುಚ್ಚಿಕೊಂಡು ಗಿಡಕ್ಕೆ ಹೊಡೆದೆ. ಅವ್ವ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಗಿಡದಲ್ಲಿ ಒಂದೇ ಒಂದು ಹುಳ ಇಲ್ಲ. ಸತ್ತು ಬಿದ್ದದ್ದೂ ಇಲ್ಲ. ಕರಗಿಯೇ ಹೋದವೇನೋ ಎಂದುಕೊಂಡೆ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಆಫೀಸಿಗೆ ಹೋಗುವ ದಾರಿಯಲ್ಲೇ ಹಾಲಿನ ಅಂಗಡಿಯವರಿಗೆ ಹೇಳಿದೆ, ಆಫೀಸಿನಲ್ಲಿ ಹೇಳಿದೆ, ಎಣ್ಣೆ ಕೊಳ್ಳಲು ಬಂದ ಗಿರಾಕಿಗಳಿಗೆ ಬಿಲ್ಲಿನ ಜೊತೆ ಕಷಾಯದ ವಿಧಾನವನ್ನೂ ಹೇಳಿದೆ. ಸಂಜೆಯಿಂದ ಜನ ಬಾಟಲಿ ಹಿಡಿದು ಬರತೊಡಗಿದರು. ನಾನು ಸೋಸುತ್ತಿದ್ದೆ, ತುಂಬುತ್ತಿದ್ದೆ, ಗಾಳಿಗೆ ಬೆನ್ನು ಹಾಕಿ ಹೊಡೆಯಿರಿ ಎಂದು ಗಂಭೀರವಾಗಿ ಉಪದೇಶ ಮಾಡುತ್ತಿದ್ದೆ. ನಮ್ಮ ರಸ್ತೆಯಲ್ಲಿ ನನ್ನ ಹೆಸರು ಹೋಗಿ ಕಷಾಯದಕ್ಕ ಎಂದಾಯಿತು.

ಮೂರನೇ ನಾಲ್ಕನೇ ದಿನಕ್ಕೆ ಶಮೀಮಕ್ಕ ಗೋಡೆಯ ಹತ್ತಿರ ಬಂದು ನಿಂತರು, ಮುಖ ಸಣ್ಣಗಾಗಿತ್ತು. "ಅಕ್ಕಾ, ನಮ್ ನಿಂಬೆ ಗಿಡಕ್ಕೂ ಅದೇ ಬಂದೈತೆ ನೋಡ್ರಿ. ಒಂದು ದಿನದಾಗೆ ಅಷ್ಟೊಂದು ಎಲ್ಲಿಂದ ಬಂದ್ವೋ ಏನೋ. ಮಿಡಿ ಉದುರ್ತಾವೇನೋ ಅಂತ ಹೆದ್ರಿಕೆ ಆಗೈತೆ." ನನಗೆ ಮನಸ್ಸಿಗೆ ನೋವಾಯಿತು. ಆದರೂ ನಿಜ ಹೇಳಬೇಕೆಂದರೆ ನೋವಿನ ಕೆಳಗೆ ಒಂಚೂರು ಖುಷಿಯೂ ಇತ್ತು, ವೈದ್ಯರ ಮನೆಗೆ ರೋಗಿ ಬಂದರೆ ಆಗುವಂಥದ್ದು. ದೊಡ್ಡ ಬಾಟಲಿಯಲ್ಲೇ ತುಂಬಿಸಿ ಕೊಟ್ಟೆ. ಅವ್ವ ಒಳಗಿನಿಂದ, "ಅವ್ರ ಗಿಡಕ್ಯಾಕೆ ಕೊಡ್ತೀಯ" ಎಂದಳು. ಅವ್ವನಿಗೆ ವಯಸ್ಸಾದ ಮೇಲೆ ಸ್ವಲ್ಪ ಜಿಪುಣತನ ಬಂದಿದೆ ಎಂದು ನನಗೆ ಬೇಜಾರಾಯಿತು.

ಶಮೀಮಕ್ಕ ಹೊಡೆದರು. ಅವರ ಹುಳ ಹೋಗಲಿಲ್ಲ. ಮತ್ತೆ ಹೊಡೆದರು. ಹುಳ ಇನ್ನಷ್ಟು ಹೆಚ್ಚಾದವು. ಅಷ್ಟರಲ್ಲಿ ನಮ್ಮ ಗಿಡಕ್ಕೂ ಹುಳ ವಾಪಸ್ ಬಂದವು. ಬೆಳಿಗ್ಗೆ ಎದ್ದರೆ ಇವೆ, ಸಂಜೆ ನಾನು ಕಷಾಯ ಹೊಡೆಯುತ್ತೇನೆ, ಮಾರನೆಯ ಬೆಳಿಗ್ಗೆ ಮತ್ತೆ ಇವೆ, ಮತ್ತು ಮೊದಲಿಗಿಂತ ಗುಂಡಗೆ ಇವೆ. ನಾನು ಮೆಣಸಿನಕಾಯಿ ಹೆಚ್ಚಿಸಿದೆ. ಸಂತೆಯಲ್ಲಿ ಖಾರದ ಗಿಡ್ಡ ಮೆಣಸಿನಕಾಯಿಯೇ ಬೇಕೆಂದು ಹುಡುಕಿ ತಂದೆ. ಬೆಳ್ಳುಳ್ಳಿ ಹೆಚ್ಚಿಸಿದೆ, ಹೊಗೆಸೊಪ್ಪು ಹಾಕಿದೆ. ನನ್ನ ಬೆರಳುಗಳು ಉರಿದು ಟೈಪು ಮಾಡುವಾಗ ಒಬ್ಬರ ಬಿಲ್ಲಿನಲ್ಲಿ ಎಣ್ಣೆಯ ಬದಲು ಕಣ್ಣೆ ಎಂದು ಬಿತ್ತು. ಹುಳಗಳು ಮಾತ್ರ ಮೈತುಂಬಿಕೊಂಡು, ಹಬ್ಬಕ್ಕೆ ಬಂದ ನೆಂಟರಂತೆ ಆರಾಮವಾಗಿದ್ದವು. ಕಷಾಯ ಅವಕ್ಕೆ ಟಾನಿಕ್ಕಾಗಿ ಒಗ್ಗಿಹೋಗಿದೆಯೇ ಎಂದು ನನಗೆ ಅನುಮಾನ ಹತ್ತಿತು. ಆದರೆ ಅದನ್ನು ಯಾರ ಮುಂದೆ ಹೇಳುವುದು? ಅಷ್ಟು ಹೊತ್ತಿಗೆ ನಮ್ಮ ಬಡಾವಣೆಯ ಮಹಿಳಾ ಸಂಘದವರು ಬಂದು, ಭಾನುವಾರ ನಿಮ್ಮ ಹಿತ್ತಿಲಲ್ಲೇ ಒಂದು ಪ್ರಾತ್ಯಕ್ಷಿಕೆ ಇಟ್ಟುಕೊಳ್ಳೋಣ, ಎಲ್ಲರೂ ಬರುತ್ತೇವೆ ಎಂದಿದ್ದರು. ನಾನು ತಲೆ ಅಲ್ಲಾಡಿಸಿಬಿಟ್ಟಿದ್ದೆ.

ಭಾನುವಾರ ಎಂದೂ ಏಳದ ಹೊತ್ತಿಗೆ ಎದ್ದೆ. ಜನ ಬರುವ ಮೊದಲು ಗಿಡಕ್ಕೆ ಒಂದು ಕೈ ಜೋರಾಗಿ ಹೊಡೆದುಬಿಡೋಣ ಎಂಬ ಆಲೋಚನೆ. ಬಾಟಲಿ ಹಿಡಿದು ಹಿತ್ತಿಲ ಬಾಗಿಲು ತೆಗೆದೆ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಗೋಡೆಯ ಈಚೆ ಅವ್ವ ನಿಂತಿದ್ದಳು, ಕೈಯಲ್ಲಿ ಒಂದು ತೆಂಗಿನ ಕರಟ. ಗೋಡೆಯ ಆಚೆ ಶಮೀಮಕ್ಕ ನಿಂತಿದ್ದರು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಇನ್ನೊಂದರಲ್ಲಿ ರೊಟ್ಟಿ ಮಗುಚುವ ಚಿಮಟ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅವ್ವ ಕರಟವನ್ನು ಚಪ್ಪಟೆ ಕಲ್ಲಿನ ಮೇಲಿಟ್ಟಳು. ಶಮೀಮಕ್ಕ ಡಬ್ಬಿಯನ್ನು ಅದರ ಪಕ್ಕ ಇಟ್ಟರು. ಎರಡರಲ್ಲೂ ಹಸಿರು ಹುಳಗಳು ಹೊರಳಾಡುತ್ತಿದ್ದವು.

"ಇದೇನ್ರಿ ಅಮ್ಮ?" ಎಂದರು ಶಮೀಮಕ್ಕ.

"ಪುರುಗು ಕಣಮ್ಮ, ಹುಳ. ನಿನ್ನೆ ಆರ್ಸಿದ್ದು, ನಿಮ್ಮ ಕಡೆ ಜನ ಇದ್ರು ಅಂತ ರಾತ್ರಿ ಕರಟದಾಗೇ ಇಟ್ಕಂಡಿದ್ದೆ. ಇವತ್ತು ಇವ್ಳು ಊರ ಜನಾನೆಲ್ಲ ಕರ್ಸಿ ಕಷಾಯ ಹೊಡೀತಾಳಂತೆ. ಪಾಪಮು, ಸಾಯ್ತಾವೆ ಅಂತ ನಿಮ್ಮ ಗಿಡಕ್ಕೆ ಬಿಡಾಣ ಅಂತ ತಂದೆ. ದಿನಾ ಇವ್ಳು ಆಫೀಸಿಗೆ ಹೋದ ಮ್ಯಾಲೆ ತಂದು ಬಿಡ್ತಿದ್ದೆ. ನೀನ್ಯಾಕಮ್ಮ ತಂದೆ?"

"ನಮ್ಮನೇಲಿ ಸಾಯ್ತಾ ಇಲ್ಲಲ್ಲಮ್ಮ. ಅದೇ ದವಾ ಹೊಡೆದ್ರೂ ಅಕ್ಕನ ಕೈಗುಣ ನನ್ನ ಕೈಗಿಲ್ಲ. ಅದಕ್ಕೇ ದಿನಾ ಬೆಳಗಿನ ಫಜರ್ ನಮಾಜು ಮುಗಿಸ್ಕೊಂಡು ಹಿಡಿದು ತಂದು ನಿಮ್ ಗಿಡಕ್ಕೆ ಬಿಟ್ಟು ಹೋಗ್ತಿದ್ದೆ. ದವಾಖಾನೆಗೆ ಕಳಿಸ್ದಂಗೆ. ಇವತ್ತು ಹೆಂಗೂ ಬೇಕಾಗ್ತಾವೆ ಅಂತ ಒಂದೂ ಬಿಡದಂಗೆ ತಂದೀನಿ."

ಅವ್ವ ಡಬ್ಬಿಯೊಳಗೆ ಬಗ್ಗಿ ನೋಡಿದಳು. "ಅಂದ್ಕೊಂಡೆ ನಾನು. ಇದರ ಮುಖ ಎಲ್ಲೋ ನೋಡಿದಂಗೈತಲ್ಲ ಅಂತ."

ನಾನು ಬಾಟಲಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅಂದರೆ ಬೆಳಗಿನ ತಿಂಡಿ ನಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟ ಮತ್ತು ರಾತ್ರಿಯ ವಸತಿ ಶಮೀಮಕ್ಕನ ಮನೆಯಲ್ಲಿ. ನಾನು ಸಂಜೆ ಕಣ್ಣು ಮುಚ್ಚಿಕೊಂಡು ಹೊಡೆಯುತ್ತಿದ್ದದ್ದೆಲ್ಲ ಖಾಲಿ ಗಿಡಕ್ಕೆ. ಇಷ್ಟು ದಿನ ನಮ್ಮ ಮನೆಯಲ್ಲಿ ನನ್ನ ಕಷಾಯ ಮುಟ್ಟಿದ್ದು ಯಜಮಾನರನ್ನು ಮಾತ್ರ. ನನಗೆ ನಗು ಬರಬೇಕಿತ್ತು. ಆದರೆ ಅಷ್ಟರಲ್ಲಿ ಶಮೀಮಕ್ಕ ತಿರುಗಿ ತಮ್ಮ ನಿಂಬೆ ಗಿಡವನ್ನು ನೋಡಿದರು. ಅದು ಮುಕ್ಕಾಲು ಬೋಳಾಗಿತ್ತು, ಮಿಡಿಗಳು ಬರೀ ಮುಳ್ಳುಗಳ ನಡುವೆ ನೇತಾಡುತ್ತಿದ್ದವು. "ಅಂದ್ರೆ ಇದು ಹಿಂಗಾಗಿದ್ದು ನಿಮ್ ಹುಳದಿಂದ" ಎಂದರು ಮೆತ್ತಗೆ. ಇನ್ನು ಆ ಕಲ್ಲಿನ ಮೇಲೆ ತಟ್ಟೆ ಓಡಾಡುವುದಿಲ್ಲ, ಹಬ್ಬಕ್ಕೆ ಶಾವಿಗೆ ಬರುವುದಿಲ್ಲ, ಸಂಜೆ ಮಾತಾಡಲು ನನಗೆ ಯಾರೂ ಇರುವುದಿಲ್ಲ ಎಂದುಕೊಂಡು ಬಾಟಲಿಯನ್ನು ಕೆಳಗಿಟ್ಟೆ. ಕಷಾಯ, ಸಂಘ, ಪ್ರಾತ್ಯಕ್ಷಿಕೆ ಎಲ್ಲ ಹಾಳಾಗಿ ಹೋಗಲಿ ಅನ್ನಿಸಿತು.

ಅವ್ವನಿಗೆ ಮಾತ್ರ ಒಂದು ಚೂರೂ ಸಂಕೋಚವಿಲ್ಲ. "ನಮ್ದು ಸಣ್ಣ ಸಂಸಾರ ಕಣಮ್ಮ, ಗಂಡ ಹೆಂಡ್ತಿ ಇಬ್ರು. ನಿಮ್ದು ತುಂಬಿದ ಮನೆ. ತುಂಬಿದ ಮನ್ಯಾಗೆ ನಾಲ್ಕು ಬಾಯಿ ಹೆಚ್ಚಾದ್ರೆ ಗೊತ್ತಾಗಲ್ಲ ಅಂದ್ಕೊಂಡೆ."

ಶಮೀಮಕ್ಕ ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು, ಕೈಯಲ್ಲಿದ್ದ ಚಿಮಟ ನೋಡಿದರು. ಆಮೇಲೆ ಡ್ರಮ್ಮಿನ ಅಂಚಿಗೆ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡು ನಗತೊಡಗಿದರು. ಅವರ ಭುಜಗಳು ಕುಣಿಯುತ್ತಿದ್ದವು. ನನಗೂ ತಡೆಯಲಾಗಲಿಲ್ಲ. ಯಜಮಾನರು ಒಳಗಿನಿಂದ, ಯಾರು ಅಳುತ್ತಿರುವುದು ಎಂದು ಕೂಗಿದರು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು ಶಮೀಮಕ್ಕ ಹೇಳಿದರು: "ಸಂಘದೋರ ಮುಂದೆ ನಾನೇನೂ ಹೇಳಲ್ಲ ಅಕ್ಕ. ಆದ್ರೆ ಒಂದು ಶರತ್ತು ಐತೆ. ಇವೆಲ್ಲಾನೂ ನಿಮ್ ಗಿಡದಾಗೇ ಸಾಕ್ಬೇಕು. ಇನ್ಮೇಲೆ ಒಂದು ಹುಳ ನಮ್ ಕಡೆ ಬಂದ್ರೆ, ಉಪ್ಪಿನಕಾಯಿ ಭರಣಿ ಪೂರ್ತಿ ನಂದೇ." ಅವ್ವ ನನ್ನ ಪರವಾಗಿ ಆ ಕ್ಷಣವೇ ಒಪ್ಪಿಕೊಂಡಳು. ಕರಟದ ಹುಳ, ಡಬ್ಬಿಯ ಹುಳ ಎಲ್ಲವನ್ನೂ ಅವ್ವ ನನ್ನ ಕರಿಬೇವಿನ ಮೇಲೆ ಒಂದೊಂದಾಗಿ ಹತ್ತಿಸಿದಳು. ನಾನು ಅರ್ಧ ಸ್ನಾನ ಮಾಡಿ ಬೆಳೆಸಿದ ಗಿಡ ಕಣ್ಣೆದುರಿಗೇ ಛತ್ರವಾಯಿತು.

ಈಗ ಪ್ರಾತ್ಯಕ್ಷಿಕೆ ಹೇಗೆ ಮಾಡುವುದು? ಹುಳ ತುಂಬಿದ ಗಿಡವನ್ನು ಕಷಾಯದಕ್ಕನ ಹಿತ್ತಿಲಲ್ಲಿ ಜನ ನೋಡುವ ಹಾಗಿರಲಿಲ್ಲ. ಅವ್ವ ತನ್ನ ಹಳೆಯ ಸೀರೆಯೊಂದನ್ನು ತಂದು ಕರಿಬೇವಿಗೆ ಸುತ್ತಿ, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ಯಾಕೆಂದು ಕೇಳಿದವರಿಗೆ, ಗಾಳಿಗೆ ಗಿಡಕ್ಕೆ ಶೀತ ಆಗೈತೆ ಎಂದಳು. ಹೆಂಗಸರು ಹಿತ್ತಿಲು ತುಂಬ ನಿಂತರು. ನಾನು ಮೂಲೆಯಲ್ಲಿದ್ದ ದಾಸವಾಳದ ಗಿಡದ ಹತ್ತಿರ ನಿಂತು ಬೆಳ್ಳುಳ್ಳಿಯ ಗುಣ, ಮೆಣಸಿನಕಾಯಿಯ ಗುಣ ಹೇಳಿದೆ. ದಾಸವಾಳಕ್ಕೆ ಹುಟ್ಟಿದಾಗಿನಿಂದ ಯಾವ ಹುಳವೂ ಬಂದಿರಲಿಲ್ಲ. ಸಂಘದ ಅಧ್ಯಕ್ಷೆ ಎಲೆ ಎತ್ತಿ ನೋಡಿ, "ನೋಡ್ರಿ ನೋಡ್ರಿ, ಒಂದು ಹುಳಾನೂ ಇಲ್ಲ. ಎಂಥಾ ಔಷಧಿ" ಎಂದರು. ಗೋಡೆಯಾಚೆ ಶಮೀಮಕ್ಕನಿಗೆ ಜೋರಾಗಿ ಕೆಮ್ಮು ಬಂತು.

ಗಾಳಿಗೆ ಬೆನ್ನು ಹಾಕಬೇಕು ಎಂದು ಊರಿಗೆಲ್ಲ ಹೇಳಿದ ನಾನು ಆ ಗಾಬರಿಯಲ್ಲಿ ಗಾಳಿಗೆ ಮುಖ ಮಾಡಿ ಬಾಟಲಿ ಒತ್ತಿದೆ. ಅದು ಹೊಗೆಸೊಪ್ಪು ಹಾಕಿದ, ಗಿಡ್ಡ ಮೆಣಸಿನಕಾಯಿಯ ಕೊನೆಯ ಅವತಾರ. ಆಷಾಢದ ಗಾಳಿ ಅದನ್ನು ಎತ್ತಿಕೊಂಡು ಅಷ್ಟೂ ಜನರಿಗೆ ಸಮನಾಗಿ ಹಂಚಿತು. ಸೀನು, ಕೆಮ್ಮು, ಅಯ್ಯಯ್ಯೋ ನೀರು ಕೊಡ್ರಿ. ಅದೇ ಗಾಳಿಗೆ ಅವ್ವ ಸುತ್ತಿದ್ದ ಸೀರೆ ಬಿಚ್ಚಿಕೊಂಡು ಪಟಪಟನೆ ಹಾರಿ ಗೋಡೆಯ ಮೇಲೆ ಬಿತ್ತು. ಕರಿಬೇವು ಹುಳಗಳ ಸಮೇತ ಎಲ್ಲರ ಮುಂದೆ ಬೆತ್ತಲೆಯಾಗಿ ನಿಂತಿತು. ಆದರೆ ಕಣ್ಣು ಬಿಡುವ ಸ್ಥಿತಿಯಲ್ಲಿ ಅಲ್ಲಿ ಒಬ್ಬರೂ ಇರಲಿಲ್ಲ. ಅವ್ವ ಎದ್ದು ಹೋಗಿ, ಸೀರೆ ತಂದು, ನಿಧಾನವಾಗಿ ಸುತ್ತಿ, ಗಂಟು ಹಾಕಿ, ಮತ್ತೆ ಬಂದು ಕೂತಳು. ನನ್ನ ಕಷಾಯ ನನಗೆ ಮಾಡಿದ ಉಪಕಾರ ಅದೊಂದೇ. ಮುಖ ತೊಳೆದುಕೊಂಡ ಮೇಲೆ ಅಧ್ಯಕ್ಷೆ, "ನಮಗೇ ಹಿಂಗಾದ್ರೆ ಹುಳದ ಗತಿ ಏನ್ರಿ" ಎಂದು ಬಹಳ ಮೆಚ್ಚಿಕೊಂಡು ಎರಡು ಬಾಟಲಿ ತೆಗೆದುಕೊಂಡು ಹೋದರು.

ಹುಳಗಳು ಶಾಸ್ತ್ರೋಕ್ತವಾಗಿ ಗಿಡ ಮುಗಿಸಿದವು. ಆಮೇಲೆ ಬೋಳು ಕಡ್ಡಿಗಳಿಗೆ ಅಂಟಿಕೊಂಡು ಅಲ್ಲಾಡದೆ ಕೂತು ಕೋಶವಾದವು. ಅವ್ವ ನನ್ನ ಕನ್ನಡಕ ಇಸಿದುಕೊಂಡು ನೋಡಿದಳು. ಪ್ರತಿಯೊಂದರ ಸೊಂಟಕ್ಕೂ ಒಂದು ಸಣ್ಣ ಎಳೆ, ಕಡ್ಡಿಗೆ ಕಟ್ಟಿಕೊಂಡದ್ದು. "ನೂಲು" ಎಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಅವತ್ತು ಕಷಾಯವೂ ಇರಲಿಲ್ಲ. ಒಂದು ಬೆಳಿಗ್ಗೆ ಅವು ಚಿಟ್ಟೆಗಳಾಗಿ ಎದ್ದು ಗೋಡೆಯ ಆಚೆ ಈಚೆ ಸುತ್ತಾಡಿದವು. ಶಮೀಮಕ್ಕ ಹೊಸ ಚಿಗುರು ಬಿಟ್ಟ ತಮ್ಮ ನಿಂಬೆ ಗಿಡದ ಪಕ್ಕ ಚಿಮಟ ಹಿಡಿದು ಕಾವಲು ನಿಂತರು. ತವರಿನಲ್ಲಿ ಸೂರು ಹಾಕಿ ಮುಗಿಯಿತು, ಅವ್ವ ಮಗ್ಗದ ಸದ್ದಿಗೆ ವಾಪಸ್ ಹೋದಳು.

ಉಪ್ಪಿನಕಾಯಿ ಭರಣಿಯಲ್ಲಿ ಅರ್ಧ ನನಗೆ ಬಂತು, ಅದೇ ಕಲ್ಲಿನ ಮೇಲಿಂದ. ಆದರೆ ಒಗ್ಗರಣೆಗೆ ಕರಿಬೇವಿಲ್ಲ. ಯಜಮಾನರು ಉಪ್ಪಿಟ್ಟಿನ ತಟ್ಟೆ ಎರಡು ದಿನ ಸುಮ್ಮನೆ ನೋಡಿದರು, ಮೂರನೆಯ ದಿನ, "ಗಿಡ ಐತೆ, ಎಲೆ ಇಲ್ಲ, ಇದೆಂಥಾ ಸರ್ವೀಸೇ" ಎಂದರು. ಸಂತೆಗೆ ಹೋಗಲೇಬೇಕಾಯಿತು. ಕಷಾಯ ಇಸಿದುಕೊಂಡವರು ಯಾರಾದರೂ ನೋಡಿಯಾರು ಎಂದು ತಲೆ ಮೇಲೆ ಸೆರಗು ಹೊದ್ದುಕೊಂಡು, ಮೂಲೆಯಲ್ಲಿ ಸೊಪ್ಪು ಹರಡಿಕೊಂಡಿದ್ದ, ಹತ್ತಿರದ ಹಳ್ಳಿ ನನ್ನಿವಾಳದ ಹೆಂಗಸೊಬ್ಬಳ ಮುಂದೆ ಕೂತೆ. ಅವಳ ಕರಿಬೇವು ಬಹಳ ಚೆನ್ನಾಗಿತ್ತು, ಹೊಳೆಯುತ್ತಿತ್ತು. "ತಗಳ್ರಕ್ಕ, ಒಂದು ತೂತು ತೋರ್ಸ್ರಿ ನೋಡಾಣ" ಎಂದಳು. "ಇಲ್ಲೇ ಚಳ್ಳಕೆರೆಲಿ ಯಾರೋ ಮಿಲ್ಲಿನಕ್ಕ ಅದಾರಂತೆ, ಅವ್ರು ಹೇಳಿದ ಕಷಾಯಾನೇ ನಾವು ಹೊಡೆಯೋದು."

ನನ್ನ ಎದೆ ಉಬ್ಬಿತು. ಹಾಗಾದರೆ ಕಷಾಯದಲ್ಲಿ ತಪ್ಪಿರಲಿಲ್ಲ. ಸೆರಗು ಸರಿಸಿ, ಆ ಮಿಲ್ಲಿನಕ್ಕ ನಾನೇ ಎಂದು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಏನೋ ನೆನಪಾಗಿ, "ಔಷಧಿ ಯಾರು ಹೊಡೀತಾರಮ್ಮ ನಿಮ್ಮನೇಲಿ?" ಎಂದು ಕೇಳಿದೆ.

"ಸಾಯಂಕಾಲ ನಮ್ಮನೆಯೋರು ಹೊಡೀತಾರಕ್ಕ. ಮಧ್ಯಾಹ್ನ ಪೂರ್ತಿ ನಮ್ಮತ್ತೆ ಗಿಡದ ಬುಡದಾಗೇ ಕುಂತಿರ್ತಾಳೆ, ಕೈಯಾಗೊಂದು ಕರಟ ಹಿಡ್ಕಂಡು. ಏನು ಮಾಡ್ತಾಳೋ ಆ ದೇವ್ರಿಗೇ ಗೊತ್ತು."

"ನಿಮ್ಮತ್ತೆ ತವರು ಮೊಳಕಾಲ್ಮೂರಾ?"

ಅವಳು ತಕ್ಕಡಿ ಕೆಳಗಿಟ್ಟು ನನ್ನನ್ನು ನೋಡಿದಳು. "ಹೂನಕ್ಕ. ನಿಮಗೆಂಗೆ ಗೊತ್ತಾತು?"

ಅವರ ಪಕ್ಕದ ಹೊಲ ಯಾರದು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಎರಡು ಕಂತೆ ಕರಿಬೇವನ್ನು ಚೀಲದ ತಳಕ್ಕೆ ತಳ್ಳಿ, ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಮನೆಗೆ ಬಂದೆ.